ಅಡಿಗೆಯ ಮಾನಪದಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಗೃಹಿಣಿಯರನ್ನು ಸಾರಿನ ಕ್ರಮವೇನೆಂದು ಕೇಳಿದರೆ, ಬೇಳೆಗೆ ಪಾವನ್ನೂ ಹುಣಿಸೆಗೆ ನಿಂಬೆಯ ಗಾತ್ರವನ್ನೂ ಬೆಲ್ಲಕ್ಕೆ ಅಡಕೆಯ ಗಾತ್ರವನ್ನೂ ಇಂಗಿಗೆ ಚಿಟಿಕೆಯನ್ನೂ ಹೇಳುವರು. ಇವುಗಳಲ್ಲಿ ಪಾವೊಂದೇ ಅಳತೆ, ಮಿಕ್ಕವು ಅಂದಾಜು ಎಂಬ ಭಾವನೆಯುಂಟು. ಅದು ವಿಚಾರಾರ್ಹವಾದುದು.

ಶಾರ್ಙ್ಗಧರಸಂಹಿತೆಯ ಮಾನಪರಿಭಾಷೆಯಲ್ಲಿ ಕರ್ಷಕ್ಕೆ ಪಾಣಿತಲ, ಕವಲಗ್ರಹ, ಬಿಡಾಲಪದಕ ಎಂಬ ಪರ್ಯಾಯನಾಮಗಳಿವೆ. ಎಂದರೆ ಅಂಗೈ, ತುತ್ತು, ಬೆಕ್ಕಿನ ಹೆಜ್ಜೆ. 2 ಕರ್ಷ ಶುಕ್ತಿ, 2 ಶುಕ್ತಿ ಪಲ, 2 ಪಲ ಪ್ರಸೃತಿ, 2 ಪ್ರಸೃತಿ ಅಂಜಲಿ. ತಕ್ಕಡಿಯ ಮಾನವು ಕೈಯಿಂದಲೇ ಹುಟ್ಟಿತೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ. ಪಾವೂ ಸಂಸ್ಕೃತದ ಪಾದವೇ, ಸೇರಿನ ಕಾಲುಭಾಗ.

ಆ ಸೇರಾದರೂ ಸ್ಥಿರವಾಗಿದ್ದಿತೆ? ಹಿಂದಿನ ಮೈಸೂರು ಸೀಮೆಯಲ್ಲಿ 24 ತೊಲದ ಕಚ್ಚಾ ಸೇರೂ 80 ತೊಲದ ಪಕ್ಕಾ ಸೇರೂ ಇದ್ದವು. ಧಾನ್ಯವನ್ನು ತುಂಬಿ ಅಳೆಯುವ ಸೇರು ಬೇರೆ. 1956ರ ಶಾಸನದ ಮೂಲಕ ದಶಮಾಂಶ ಪದ್ಧತಿಯು ಬಂದು, 1962ರ ವೇಳೆಗೆ ತೂಕದ ಸೇರು ಕಾನೂನಿನ ವ್ಯವಹಾರದಿಂದ ತೊಲಗಿತು. ಚಿಟಿಕೆಯು ಉಳಿಯಿತು. ಕಾರಣವು ಸ್ಪಷ್ಟ: ಹುಣಿಸೆಯ ಹುಳಿಯೂ ಇಂಗಿನ ಘಾಟೂ ಹಳತು ಹೊಸತುಗಳಿಂದ ವ್ಯತ್ಯಾಸವಾಗುವುವು, ತೂಕವೊಂದೇ ಆದರೂ ರುಚಿಯೊಂದಾಗದು. ಕೈಯು ಆ ವ್ಯತ್ಯಾಸವನ್ನರಿತು ಕೊಡುವುದು.

ಆದುದರಿಂದ ಎರಡನೆಯ ಚಾವುಂಡರಾಯನ ಲೋಕೋಪಕಾರ (ಸು. 1025), ಮೂರನೆಯ ಮಂಗರಸನ ಸೂಪಶಾಸ್ತ್ರ (16ನೆಯ ಶತಮಾನ) ಮೊದಲಾದ ಗ್ರಂಥಗಳನ್ನು ಬೋಧಿಸುವವರು ಮಾನಪದಗಳನ್ನು ಗ್ರಾಂಗಳಿಗೆ ಇಳಿಸಿದರೆ, ಗ್ರಂಥಕಾರನು ಹೇಳದುದನ್ನು ಹೇಳಿಸಿದಂತಾಗುವುದು. ಮೂಲಪದವನ್ನು ಉಳಿಸಿ, ಗ್ರಾಮಿನ ಲೆಕ್ಕವನ್ನು ಟಿಪ್ಪಣಿಯಲ್ಲಿಡುವುದು ಯುಕ್ತ. ಮನೆಯ ಹಿರಿಯರ ಮಾತನ್ನೂ, ಅವರ ಪಾವು ಸೇರುಗಳು ಹಿಡಿಯುವ ಪ್ರಮಾಣಸಹಿತವಾಗಿ, ಇಂದೇ ಬರೆದಿಡಬೇಕು. ಪಾತ್ರೆಯು ಹೋದ ಬಳಿಕ ಪದವು ಮಾತ್ರ ಉಳಿದರೆ ಅರ್ಥವನ್ನು ಹೇಳುವವರಿರರು.