ವಿದ್ಯಾರ್ಥಿವೇತನ ನಡೆದು ಬಂದ ದಾರಿ ಮತ್ತು ನಮ್ಮ ಸಂಘ



ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಹೇಳಿದಾಗ ಹಿಂದೆ ಮುಂದೆ ನೋಡಿದೆ. ನಾನು ಎಸ್.ಎಸ್.ಎಲ್.ಸಿ. ತನಕ ಓದಿ, ಮುಂದೆ ಒಕ್ಕಲುತನ ಹಿಡಿದವನು. ತೊಗರಿ, ಹತ್ತಿ, ಕಾಲುವೆ ನೀರಿನ ಬಗ್ಗೆ ಬರೆ ಅಂದರೆ ಬರೆದೇನು. ಆದರೆ ನಾನು ಆರಿಸಿಕೊಂಡದ್ದು ಕಾಲೇಜು, ವಿಶ್ವವಿದ್ಯಾಲಯದ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನದ ಇತಿಹಾಸ. ಓದು ಬಿಟ್ಟವನಿಗೆ ಇದರ ಉಸಾಬರಿ ಯಾಕೆ ಅಂತ ಕೇಳಬಹುದು. ಅದರ ಕಾರಣ ಕೊನೆಗೆ ಹೇಳುತ್ತೇನೆ.

ನಮ್ಮ ಭಾಗ 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1918ರಲ್ಲಿ, ಅದೇ ಉಸ್ಮಾನಿಯಾ. ಅಲ್ಲಿ ಪಾಠ ಉರ್ದುವಿನಲ್ಲಿ. ಕನ್ನಡ ಮನೆಯ ಹುಡುಗ ಮೊದಲು ಆ ಭಾಷೆ ಕಲಿಯಬೇಕು, ಆಮೇಲೆ ಹೈದರಾಬಾದಿನಲ್ಲಿ ಊಟ ವಸತಿಗೆ ದಾರಿ ಹುಡುಕಬೇಕು. ಇದಕ್ಕಿಂತ ಮೊದಲೇ, 1895ರಲ್ಲಿ, ನಿಜಾಮರ ವಿದ್ಯಾರ್ಥಿವೇತನದ ಮೇಲೆ ಹದಿನಾರು ವರ್ಷದ ಹುಡುಗಿಯೊಬ್ಬಳು ಓದಲು ಇಂಗ್ಲೆಂಡಿಗೆ ಹೋಗಿದ್ದಳು. ಆಕೆಯೇ ಮುಂದೆ ಹೆಸರಾದ ಸರೋಜಿನಿ ನಾಯ್ಡು. ಆಕೆಯಲ್ಲಿ ಪ್ರತಿಭೆ ಇದ್ದದ್ದು ನಿಜ. ತಂದೆ ಹೈದರಾಬಾದಿನ ಕಾಲೇಜಿನ ದೊಡ್ಡ ವಿದ್ವಾಂಸರಾಗಿದ್ದರಿಂದ ಮಗಳ ಸುದ್ದಿ ಅರಮನೆಗೆ ಮುಟ್ಟಿತು ಎಂಬುದೂ ನಿಜ. ಆಗ ನಮ್ಮ ಹಳ್ಳಿಗಳಲ್ಲಿ ಎಂಥ ಶಾಣ್ಯಾ ಮಕ್ಕಳು ಇದ್ದರೋ, ಅವರ ಸುದ್ದಿ ಯಾರು ಮುಟ್ಟಿಸಬೇಕು?

ಅರಮನೆಯ ವಿದ್ಯಾರ್ಥಿವೇತನದಲ್ಲಿ ಎಲ್ಲರಿಗೂ ಗೊತ್ತಿರುವುದು ಡಾ. ಬಾಬಾಸಾಹೇಬ ಅಂಬೇಡ್ಕರರದು. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ಕೊಟ್ಟು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡದ ಚಾಕರಿ ಮಾಡಬೇಕೆಂಬ ಕರಾರು ಇತ್ತು. ಇಷ್ಟು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಅವರು ಲಂಡನ್ನಿನಲ್ಲಿ ಓದುತ್ತಿದ್ದಾಗ ವೇತನದ ಅವಧಿ ಮುಗಿಯಿತು. 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಬರೋಡಕ್ಕೆ ಹೋದರೆ ಇರಲಿಕ್ಕೆ ಯಾರೂ ಮನೆ ಕೊಡಲಿಲ್ಲ. ಮುಂದೆ ಮುಂಬಯಿಯಲ್ಲಿ ಕಲಿಸಿ ಉಳಿಸಿದ ರೊಕ್ಕ, ಗೆಳೆಯನ ಹತ್ತಿರ ಪಡೆದ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ, 1923ರಲ್ಲಿ ಡಿ.ಎಸ್ಸಿ. ಪಡೆದರು. ಅಂಥವರ ಓದೇ ರೊಕ್ಕ ನಿಂತಾಗ ಮೂರು ವರ್ಷ ನಿಂತಿತ್ತು ಎಂಬುದನ್ನು ನಾವು ಮರೆಯಬಾರದು.

ನಮ್ಮ ಕನ್ನಡ ನಾಡಿನಲ್ಲೂ ದಾನಿಗಳಿದ್ದರು. ಬೆಳಗಾವಿ ಜಿಲ್ಲೆಯ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ಮಕ್ಕಳಿಲ್ಲದ ಅವರು ತಮ್ಮ ದೊಡ್ಡ ಆಸ್ತಿಯನ್ನು ಸಮಾಜದ ಬಡ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಅದಕ್ಕೇ ಜನ ಅವರನ್ನು ತ್ಯಾಗವೀರ ಎಂದು ಕರೆದರು. ಆದರೆ ರಾಜನಾಗಲಿ ದೇಸಾಯಿಯಾಗಲಿ ಕೊಟ್ಟದ್ದು ಅವರ ದೊಡ್ಡ ಮನಸ್ಸಿನಿಂದ. ಕೊಡದಿದ್ದರೆ ಕೇಳುವಂತಿರಲಿಲ್ಲ.

ಕೇಳಿ ಪಡೆಯುವ ಕಾಲ ಶುರುವಾದದ್ದು 1944ರಲ್ಲಿ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರಕಾರ ಆರಂಭಿಸಿತು. ಆಗ ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದರು. ಮುಂದೆ ಅದು ಪರಿಶಿಷ್ಟ ಪಂಗಡಕ್ಕೂ ವಿಸ್ತರಿಸಿತು. 1991ರಲ್ಲಿ ನಾಯಕ, ಬೇಡರು ಆ ಪಟ್ಟಿಗೆ ಸೇರಿದ ಮೇಲೆ ನಮ್ಮ ಸುರಪುರ, ಶಹಾಪುರ ಸೀಮೆಯ ಎಷ್ಟೋ ಮನೆಗಳಿಗೆ ಈ ಬಾಗಿಲು ತೆರೆಯಿತು.

ಕಾಲೇಜು ಹತ್ತಿರ ಬರುವುದೂ ಒಂದು ರೀತಿಯ ವಿದ್ಯಾರ್ಥಿವೇತನವೇ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ 1958ರಲ್ಲಿ ಕಲಬುರಗಿಯಲ್ಲಿ ಹುಟ್ಟಿತು. ಧಾರವಾಡದ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1970ರಲ್ಲಿ ಕಲಬುರಗಿಗೆ ಬಂತು. ಅದೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371 ಜೆ ಕಲಮಿನಿಂದ ನಮ್ಮ ಮಕ್ಕಳಿಗೆ ಸೀಟಿನಲ್ಲಿ ಮೀಸಲಾತಿಯೂ ಸಿಕ್ಕಿತು. ಸೀಟು ಸಿಕ್ಕಿತು, ಆದರೆ ಫೀಸು?

ಎಂ.ಎ., ಎಂ.ಎಸ್ಸಿ. ದಾಟಿ ಸಂಶೋಧನೆಗೆ ಹೋಗುವವರಿಗೆ ಯು.ಜಿ.ಸಿ.ಯವರ ನೆಟ್ ಪರೀಕ್ಷೆ ಇದೆ. ಅದರಲ್ಲಿ ಮೇಲಿನ ಅಂಕ ಪಡೆದವರಿಗೆ ಜೆ.ಆರ್.ಎಫ್. ಎಂಬ ಫೆಲೋಶಿಪ್. 2023ರ ಜನವರಿಯಿಂದ ಇದು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಓದುವುದಕ್ಕೆ ತಿಂಗಳಿಗೆ ಇಷ್ಟು ರೊಕ್ಕ ಕೊಡುತ್ತಾರೆ ಎಂದರೆ ಕಟ್ಟೆಯ ಮೇಲಿನ ಹಿರಿಯರು ಇಂದಿಗೂ ನಂಬುವುದಿಲ್ಲ. ನಂಬದ ಕಾರಣಕ್ಕೇ ಎಷ್ಟೋ ಮಂದಿ ಮಕ್ಕಳನ್ನು ಡಿಗ್ರಿಗೆ ನಿಲ್ಲಿಸುತ್ತಾರೆ.

ರೈತರ ಮಕ್ಕಳಿಗೆಂದೇ ನಮ್ಮ ರಾಜ್ಯ ಸರಕಾರ 2021ರಲ್ಲಿ ರೈತ ವಿದ್ಯಾನಿಧಿ ಘೋಷಿಸಿತು. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಇಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರದವರಿಗೆ 10,000 ಮತ್ತು 11,000 ಎಂದು ನಿಗದಿ ಮಾಡಿತ್ತು. ಒಕ್ಕಲುತನವೂ ಲೆಕ್ಕಕ್ಕೆ ಬಂತಲ್ಲ ಎಂದು ಅಂದು ನನಗೆ ಸಂತೋಷವಾಗಿತ್ತು.

ಈಗ ನಾನು ಮೊದಲು ಹೇಳಿದ ಕಾರಣಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಹಿರಿಯರೊಬ್ಬರು ನನ್ನ ಮನೆಗೆ ಬಂದರು. "ತಮ್ಮಾ, ಹುಡುಗನ ಸ್ಕಾಲರ್‌ಶಿಪ್ ಮಂಜೂರ್ ಆಗ್ಯಾದ, ರೊಕ್ಕ ಇನ್ನಾ ಬಂದಿಲ್ಲ. ಫೀಸು ಕಟ್ಟಾಕ ಎಂಟು ದಿನ ಉಳಿದಾವ. ಸಂಘದಾಗ ಹೇಳಿ ಕೊಡಸು, ಬಂದ ಕೂಡ್ಲೇ ತುಂಬತೀನಿ" ಎಂದರು. "ಕಾಕಾ, ಬೆಳೆಸಾಲದ ರೊಕ್ಕ ಫೀಸಿಗೆ ಕೊಡಾಕ ಬರಂಗಿಲ್ಲ" ಅಂದೆ. ನಿಯಮ ಹಾಗೇ ಇತ್ತು, ನಾನು ಸುಳ್ಳು ಹೇಳಲಿಲ್ಲ. ಆದರೆ ಆ ಮಾತನ್ನು ಸಭೆಗೂ ತರಲಿಲ್ಲ, ನನ್ನ ಕೈಯಿಂದಲೂ ಕೊಡಲಿಲ್ಲ. ನಾಲ್ಕು ತಿಂಗಳಿಗೆ ಖಾತೆಗೆ ವೇತನ ಜಮಾ ಆಯಿತು. ಅಷ್ಟೊತ್ತಿಗೆ ಹುಡುಗ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿಯಾಗಿತ್ತು. ಮತ್ತೆ ಓದಿಗೆ ತಿರುಗಲಿಲ್ಲ. ಕಾಕಾ ಇಂದಿಗೂ ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಾರೆ, ಅದೇ ನನಗೆ ಕಷ್ಟ.

ಇದರಲ್ಲಿ ಯಾರನ್ನೂ ದೂರುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅರ್ಜಿ ನಿಲ್ಲುತ್ತದೆ. ಜಾತಿ, ಆದಾಯದ ಪ್ರಮಾಣಪತ್ರ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ರೈತ ವಿದ್ಯಾನಿಧಿಗೆ ಫ್ರೂಟ್ಸ್ ಗುರುತಿನ ಸಂಖ್ಯೆಯೂ ಬೇಕಾಯಿತು. ಇಷ್ಟರಲ್ಲಿ ಒಂದು ತಪ್ಪಿದರೂ ತಿಂಗಳು ಹೋಗುತ್ತದೆ. ಫೀಸಿನ ತಾರೀಖು ಮಾತ್ರ ನಿಲ್ಲುವುದಿಲ್ಲ.

ಸಹಕಾರ ಹುಟ್ಟಿದ್ದೇ ಇಂಥ ನಡುವಿನ ಅಡಚಣೆಗೆ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು, ಬಿತ್ತನೆಯ ಹೊತ್ತಿಗೆ ರೈತ ಸಾಹುಕಾರನ ಬಾಗಿಲಿಗೆ ಹೋಗಬಾರದೆಂದು. 1912ರ ಸಹಕಾರ ಕಾಯ್ದೆಯಲ್ಲೇ, ನಿವ್ವಳ ಲಾಭದ ಕಾಲುಭಾಗ ಮೀಸಲು ನಿಧಿಗೆ ಹಾಕಿದ ಮೇಲೆ ಉಳಿದುದರಲ್ಲಿ ನೂರಕ್ಕೆ ಹತ್ತರ ತನಕ, ರಿಜಿಸ್ಟ್ರಾರರ ಒಪ್ಪಿಗೆ ಪಡೆದು, ಧರ್ಮಕಾರ್ಯಕ್ಕೆ ಕೊಡಬಹುದೆಂದಿತ್ತು. ಆ ಧರ್ಮಕಾರ್ಯದಲ್ಲಿ ವಿದ್ಯೆಯೂ ಸೇರಿತ್ತು. ಅಂದರೆ ನಾನು ಕೇಳುವುದು ಹೊಸದಲ್ಲ.

ಆದ್ದರಿಂದ ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ಎರಡು ಅರಿಕೆ. ಒಂದು, ಸದಸ್ಯರ ಮಕ್ಕಳಿಗಾಗಿ ಓದಿನ ಕೈಗಡದ ಒಂದು ಸಣ್ಣ ನಿಧಿ ಇಡೋಣ. ಮಂಜೂರಾತಿ ತೋರಿಸಿದವರಿಗೆ ಬಡ್ಡಿ ಇಲ್ಲದೆ ಫೀಸಿನಷ್ಟು ಕೊಡುವುದು, ವೇತನ ಬಂದ ಕೂಡಲೇ ತಿರುಗಿ ತುಂಬಿಸಿಕೊಳ್ಳುವುದು. ಈಗಿನ ಕಾಯ್ದೆ, ಬೈಲಾಗಳಲ್ಲಿ ಇದಕ್ಕೆ ಯಾವ ದಾರಿ ಇದೆ ಎಂದು ಕಾರ್ಯದರ್ಶಿಗಳು ಓದಿ ಹೇಳಲಿ. ಎರಡು, ಪ್ರತಿ ವರ್ಷ ಅರ್ಜಿಯ ತಾರೀಖು ಮತ್ತು ಬೇಕಾದ ಕಾಗದಗಳ ಪಟ್ಟಿಯನ್ನು ಗೊಬ್ಬರದ ದರಪಟ್ಟಿಯ ಪಕ್ಕದಲ್ಲೇ ಹಚ್ಚೋಣ. ಗೊಬ್ಬರಕ್ಕೆ ಬಂದವರು ಅದನ್ನೂ ಓದಲಿ.

ಕೈಗಡಕ್ಕೆ ಮೊದಲ ವರ್ಷದ ನನ್ನ ಪಾಲಿನ ಡಿವಿಡೆಂಡ್ ಬಿಟ್ಟುಕೊಡುತ್ತೇನೆ. ಅದು ದೊಡ್ಡ ಮೊತ್ತವಲ್ಲ. ಆದರೆ ಇನ್ನೊಬ್ಬ ಕಾಕಾ ಬಾಗಿಲಿಗೆ ಬಂದಾಗ "ಬರಂಗಿಲ್ಲ" ಎಂಬ ಮಾತು ನನ್ನ ಬಾಯಿಂದ ಬರಬಾರದು. ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಹೊತ್ತಿನಲ್ಲಿ ತಾವೆಲ್ಲರೂ ವಿಚಾರ ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.