ಜಿಆರ್‌ಇ: ಪರೀಕ್ಷೆ ಮತ್ತು ಅದರ ಸಿದ್ಧತೆಯ ಇತಿಹಾಸ

ಜಿಆರ್‌ಇ (ಗ್ರ್ಯಾಜುಯೇಟ್ ರೆಕಾರ್ಡ್ ಎಕ್ಸಾಮಿನೇಷನ್ಸ್) ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂಎಸ್, ಪಿಎಚ್‌ಡಿ ಮುಂತಾದ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಬಯಸುವವರು ಬರೆಯುವ ಪರೀಕ್ಷೆ. 1936ರಲ್ಲಿ ನಾಲ್ಕು ವಿಶ್ವವಿದ್ಯಾಲಯಗಳ ಪ್ರಯೋಗವಾಗಿ ಇದು ಹುಟ್ಟಿತು. 1948ರಿಂದ ಇದನ್ನು ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಬಳಿಯ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ (ಇಟಿಎಸ್) ನಡೆಸುತ್ತಿದೆ. ಪರೀಕ್ಷೆ ಹಲವು ಸಲ ರೂಪ ಬದಲಿಸಿದೆ. ಆ ಬದಲಾವಣೆಗಳಲ್ಲಿ ಮುಖ್ಯವಾದ ಕೆಲವಕ್ಕೆ ಕಾರಣ ಒಂದೇ: ವಿದ್ಯಾರ್ಥಿಗಳು ಅದಕ್ಕೆ ತಯಾರಿ ಮಾಡಿಕೊಳ್ಳುತ್ತಿದ್ದ ರೀತಿ. ಹಾಗಾಗಿ ಪರೀಕ್ಷೆಯ ಚರಿತ್ರೆಯನ್ನೂ ಸಿದ್ಧತೆಯ ಚರಿತ್ರೆಯನ್ನೂ ಜೊತೆಯಲ್ಲೇ ಹೇಳಬೇಕಾಗುತ್ತದೆ.

ಹುಟ್ಟು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಎಲ್ಲ ಕಾಲೇಜುಗಳ ಪದವಿಗೂ ಒಂದೇ ತೂಕವಿರಲಿಲ್ಲ. ಒಂದು ಕಾಲೇಜಿನಲ್ಲಿ ಉತ್ತಮ ದರ್ಜೆ ಪಡೆದವನು ಇನ್ನೊಂದರಲ್ಲಿ ಪಾಸಾಗುವುದೇ ಅನುಮಾನವಾಗಿತ್ತು. ಕಾರ್ನೆಗಿ ಪ್ರತಿಷ್ಠಾನದ ವಿಲಿಯಂ ಲರ್ನೆಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ಬೆನ್ ವುಡ್ 1928ರಿಂದ ಪೆನ್ಸಿಲ್ವೇನಿಯಾ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ತಿಳಿವಳಿಕೆಯನ್ನು ಗಂಟೆಗಟ್ಟಲೆಯ ಪರೀಕ್ಷೆಗಳಿಂದ ಅಳೆದರು. ಕಾಲೇಜಿನಲ್ಲಿ ಕಳೆದ ವರ್ಷಗಳ ಲೆಕ್ಕಕ್ಕೂ ತಲೆಯಲ್ಲಿ ಉಳಿದ ವಿದ್ಯೆಗೂ ನಂಟು ತೀರ ಸಡಿಲವಾಗಿರುವುದು ಅದರಲ್ಲಿ ಕಂಡುಬಂತು. ಆಗತಾನೆ ಸೇರಿದ ಕೆಲವರು ಕೊನೆಯ ವರ್ಷದ ಎಷ್ಟೋ ಮಂದಿಗಿಂತ ಹೆಚ್ಚು ಬಲ್ಲವರಾಗಿದ್ದರು. 1938ರಲ್ಲಿ ಈ ಅಧ್ಯಯನದ ವರದಿ ಅಚ್ಚಾಯಿತು. ಅಷ್ಟರಲ್ಲೇ ಲರ್ನೆಡ್ ಅದರ ಮುಂದಿನ ಹೆಜ್ಜೆಯನ್ನು ಇಟ್ಟಾಗಿತ್ತು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮತ್ತು ಕೊಲಂಬಿಯಾಗಳ ಸ್ನಾತಕೋತ್ತರ ಶಾಲೆಗಳು 1936ರಲ್ಲಿ ಅವರೊಂದಿಗೆ ಕೈಜೋಡಿಸಿದವು. 1937ರ ಅಕ್ಟೋಬರ್‌ನಲ್ಲಿ ಮೊದಲ ಪರೀಕ್ಷೆ ನಡೆಯಿತು.

ಆ ಪರೀಕ್ಷೆ ಇಂದಿನದರಂತೆ ಇರಲಿಲ್ಲ. ಅದನ್ನು ಬರೆದವರು ಆಗಲೇ ಸೀಟು ಪಡೆದು ಮೊದಲ ವರ್ಷದಲ್ಲಿ ಓದುತ್ತಿದ್ದವರು. ಗಣಿತ, ಭೌತವಿಜ್ಞಾನಗಳು, ಸಮಾಜವಿಜ್ಞಾನ, ಸಾಹಿತ್ಯ, ಲಲಿತಕಲೆ ಮುಂತಾದವುಗಳಲ್ಲಿ ಅವರು ಕಾಲೇಜಿನಿಂದ ಏನು ಗಳಿಸಿಕೊಂಡು ಬಂದಿದ್ದಾರೆ ಎಂದು ನೋಡುವುದಷ್ಟೇ ಉದ್ದೇಶ. ಅದಕ್ಕೆ ಯಾರೂ ಸಿದ್ಧರಾಗಿ ಬರಲಿಲ್ಲ, ಬರಬೇಕೆಂದು ಯಾರೂ ನಿರೀಕ್ಷಿಸಲೂ ಇಲ್ಲ. ನಾಲ್ಕು ವರ್ಷದ ಓದೇ ಸಿದ್ಧತೆ ಎಂಬ ಈ ಮೂಲ ಕಲ್ಪನೆ ಬಹಳ ಗೌರವದ್ದು. ಮುಂದಿನ ಯಾವ ಸುಧಾರಣೆಯಿಂದಲೂ ಅದನ್ನು ಪೂರ್ತಿಯಾಗಿ ಮರಳಿ ತರಲಾಗಿಲ್ಲ.

1938ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿಕೊಂಡಿತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದೇ ಮೊದಲನೆಯದು. ಮರುವರ್ಷ ವಿಷಯವಾರು ಅಡ್ವಾನ್ಸ್ಡ್ ಪರೀಕ್ಷೆಗಳು ಬಂದವು. ಇಷ್ಟೊಂದು ಉತ್ತರಪತ್ರಿಕೆಗಳನ್ನು ಕೈಯಲ್ಲಿ ತಿದ್ದುವುದು ಆಗದ ಮಾತು. ಆ ತೊಡಕನ್ನು ಬಗೆಹರಿಸಿದ್ದು ಮಿಷಿಗನ್‌ನ ಶಾಲಾ ಮೇಷ್ಟ್ರು ರೆನಾಲ್ಡ್ ಜಾನ್ಸನ್ ರೂಪಿಸಿದ ಯಂತ್ರ. ಪೆನ್ಸಿಲ್ ಗುರುತಿನ ಗ್ರಾಫೈಟ್ ಮೂಲಕ ವಿದ್ಯುತ್ ಹರಿಯುತ್ತದೆಂಬ ತತ್ತ್ವದ ಮೇಲೆ ಅದು ಸರಿ ಉತ್ತರಗಳನ್ನು ಎಣಿಸುತ್ತಿತ್ತು. ಐಬಿಎಂ ಸಂಸ್ಥೆ 1938ರಲ್ಲಿ ಅದನ್ನು 805 ಎಂಬ ಮಾದರಿಯಾಗಿ ಮಾರುಕಟ್ಟೆಗೆ ಬಿಟ್ಟಿತು.

ಎರಡನೆಯ ಮಹಾಯುದ್ಧ ಮುಗಿದಾಗ, 1944ರ ಜಿಐ ಕಾಯ್ದೆಯ ನೆರವಿನಿಂದ ಮಾಜಿ ಸೈನಿಕರು ಕಾಲೇಜುಗಳಿಗೆ ನುಗ್ಗಿದರು. ಓದು ನಡುವೆ ನಿಂತುಹೋಗಿದ್ದವರನ್ನು, ಬೇರೆ ಬೇರೆ ಕಡೆ ಕಲಿತವರನ್ನು ಒಂದೇ ಅಳತೆಯಲ್ಲಿ ನೋಡುವ ಅಗತ್ಯ ಹೆಚ್ಚಿತು. ಕಾರ್ನೆಗಿ ಪ್ರತಿಷ್ಠಾನ, ಕಾಲೇಜ್ ಬೋರ್ಡ್ ಮತ್ತು ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ತಮ್ಮ ಪರೀಕ್ಷಾ ಕಾರ್ಯಗಳನ್ನು ಒಟ್ಟುಗೂಡಿಸಿ 1947ರ ಡಿಸೆಂಬರ್‌ನಲ್ಲಿ ಇಟಿಎಸ್ ಸ್ಥಾಪಿಸಿದವು. ಹೆನ್ರಿ ಚಾನ್ಸಿ ಅದರ ಮೊದಲ ಅಧ್ಯಕ್ಷ.

ವರ್ಬಲ್, ಕ್ವಾಂಟ್ ಮತ್ತು 800 ಅಂಕ

1949ರಲ್ಲಿ ವರ್ಬಲ್ (ಭಾಷೆ) ಮತ್ತು ಕ್ವಾಂಟಿಟೇಟಿವ್ (ಗಣಿತ; ಆಡುಮಾತಿನಲ್ಲಿ ಕ್ವಾಂಟ್) ಎಂಬ ಎರಡೇ ಭಾಗಗಳ ಆಪ್ಟಿಟ್ಯೂಡ್ ಪರೀಕ್ಷೆ ಆರಂಭವಾಗಿ, ಹಳೆಯ ವಿಸ್ತಾರವಾದ ಪತ್ರಿಕೆಗಳ ಜಾಗವನ್ನು ಕ್ರಮೇಣ ಹಿಡಿಯಿತು. ಏನು ಕಲಿತಿದ್ದೀರಿ ಎಂದು ಕೇಳುತ್ತಿದ್ದ ಪರೀಕ್ಷೆ, ಕಲಿಯುವ ಶಕ್ತಿ ಎಷ್ಟಿದೆ ಎಂದು ಕೇಳತೊಡಗಿತು. ಅಂಕಗಳನ್ನು 200ರಿಂದ 800ರವರೆಗಿನ ಮಾಪಕಕ್ಕೆ ಇಳಿಸಿದ್ದೂ ಇದರ ಬೆನ್ನಲ್ಲೇ. 1952ರಲ್ಲಿ ಪರೀಕ್ಷೆ ಬರೆದ ಅಮೆರಿಕದ ಅಂತಿಮ ವರ್ಷದ ವಿದ್ಯಾರ್ಥಿಗಳ ಗುಂಪೊಂದರ ಸರಾಸರಿಯನ್ನು 500 ಎಂದು ಹಿಡಿದು ಈ ಮಾಪಕವನ್ನು ಕಟ್ಟಲಾಗಿತ್ತು.

ದಶಕಗಳು ಕಳೆದಂತೆ ಬರೆಯುವವರು ಬದಲಾದರು. ಏಷ್ಯಾದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಬಂದ ಮೇಲೆ ಕ್ವಾಂಟ್ ಭಾಗದ ಮೇಲ್ತುದಿಯಲ್ಲಿ ಜಾಗವೇ ಸಾಲದಾಯಿತು. ಈ ಮಾಪಕದ ಕೊನೆಯ ವರ್ಷಗಳಲ್ಲಿ ಕ್ವಾಂಟ್‌ನಲ್ಲಿ ಪೂರ್ಣ 800 ತೆಗೆದವರು ಸುಮಾರು 94ನೆಯ ಪರ್ಸೆಂಟೈಲ್‌ನಲ್ಲಿ ನಿಲ್ಲುತ್ತಿದ್ದರು. ವರ್ಬಲ್‌ನಲ್ಲಿ 700 ಬಂದರೆ ಅದಕ್ಕಿಂತ ಮೇಲೆ. ನಮ್ಮ ಹುಡುಗರು ವರ್ಬಲ್‌ಗಾಗಿ ತಿಂಗಳುಗಟ್ಟಲೆ ಹೆಣಗಿದ್ದಕ್ಕೆ ಈ ಲೆಕ್ಕಾಚಾರವೂ ಒಂದು ಕಾರಣ.

1977ರಲ್ಲಿ ಅನಲಿಟಿಕಲ್ ಎಂಬ ಮೂರನೆಯ ಭಾಗ ಸೇರಿತು. ಸಿದ್ಧತೆ ಪರೀಕ್ಷೆಯನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ಇದರ ಕಥೆ ಒಳ್ಳೆಯ ಉದಾಹರಣೆ. ಅದರಲ್ಲಿದ್ದ ಎರಡು ಬಗೆಯ ಪ್ರಶ್ನೆಗಳಲ್ಲಿ ಸ್ವಲ್ಪವೇ ಅಭ್ಯಾಸ ಮಾಡಿದರೂ ಅಂಕ ಗಮನಾರ್ಹವಾಗಿ ಏರುತ್ತದೆಂದು ಇಟಿಎಸ್‌ನ ಸಂಶೋಧಕರಿಗೇ ಕಂಡುಬಂತು. 1981ರಲ್ಲಿ ಅವನ್ನು ತೆಗೆದುಹಾಕಲಾಯಿತು. ಯಾರು ಯಾರ ಪಕ್ಕ ಕುಳಿತಿದ್ದಾರೆ ಎಂಬ ಬಗೆಯ ತರ್ಕದ ಒಗಟುಗಳು ಉಳಿದುಕೊಂಡು, 2002ರವರೆಗೂ ನಡೆದವು. ಆ ವರ್ಷ ಇಡೀ ಭಾಗವನ್ನೇ ಕೈಬಿಟ್ಟು ಪ್ರಬಂಧ ಬರೆಸುವ ಅನಲಿಟಿಕಲ್ ರೈಟಿಂಗ್ ತರಲಾಯಿತು.

ಕೋಚಿಂಗ್

ಸ್ಟ್ಯಾನ್ಲಿ ಕ್ಯಾಪ್ಲನ್ 1938ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲಿ ಮನೆಪಾಠ ಶುರುಮಾಡಿದರು. ಯುದ್ಧಾನಂತರ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಗೆ, ಆಮೇಲೆ ಉಳಿದ ಪ್ರವೇಶ ಪರೀಕ್ಷೆಗಳಿಗೆ ತರಬೇತಿ ಕೊಡತೊಡಗಿದರು. ಅಭ್ಯಾಸದಿಂದ ಅಂಕ ಏರುವುದಿಲ್ಲ ಎಂಬುದು ಪರೀಕ್ಷೆ ನಡೆಸುವವರ ಆಗಿನ ನಿಲುವು. 1979ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೋಚಿಂಗ್‌ನಿಂದ ಅಲ್ಪಸ್ವಲ್ಪ ಪ್ರಯೋಜನ ಇದ್ದೇ ಇದೆ ಎಂದಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯ, ಪ್ರವೇಶ ಪರೀಕ್ಷೆಗಳ ಪ್ರಶ್ನೆ ಮತ್ತು ಉತ್ತರಗಳನ್ನು ವಿದ್ಯಾರ್ಥಿಗಳಿಗೆ ಬಹಿರಂಗಪಡಿಸಬೇಕೆಂದು ಕಾನೂನು ಮಾಡಿತು. ಹಳೆಯ ಪ್ರಶ್ನೆಪತ್ರಿಕೆ ಕೈಗೆ ಸಿಕ್ಕರೆ ಎಲ್ಲೋ ದೂರದಲ್ಲಿ ಒಬ್ಬನೇ ಓದುವವನೂ ಪರೀಕ್ಷೆಯ ಹದ ತಿಳಿಯಬಹುದು. ಪರೀಕ್ಷಾರ್ಥಿಯ ಹಕ್ಕಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ.

ಪುಸ್ತಕಗಳಲ್ಲಿ ಬ್ಯಾರನ್ಸ್ ಗೈಡ್‌ನ ಹೆಸರು ಭಾರತದಲ್ಲಿ ಮನೆಮಾತು. ಅದರ 3,500 ಪದಗಳ ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಿ ಬಾಯಿಪಾಠ ಮಾಡುವುದೇ ವರ್ಬಲ್ ಸಿದ್ಧತೆ ಎಂದು ಒಂದು ಪೀಳಿಗೆ ನಂಬಿತ್ತು. ವಿರುದ್ಧ ಪದ ಮತ್ತು ಪದಗಳ ನಡುವಣ ಸಂಬಂಧದ ಪ್ರಶ್ನೆಗಳಿದ್ದವರೆಗೆ ಆ ನಂಬಿಕೆ ಸುಳ್ಳೂ ಆಗಿರಲಿಲ್ಲ.

ಕಂಪ್ಯೂಟರ್

ಕಂಪ್ಯೂಟರ್ ಮೇಲೆ ಪರೀಕ್ಷೆ 1992ರಲ್ಲಿ ಬಂತು. ಮರುವರ್ಷ ಅಡಾಪ್ಟಿವ್ ಪದ್ಧತಿ ಜಾರಿಯಾಯಿತು. ಮೊದಲ ಪ್ರಶ್ನೆ ಮಧ್ಯಮ ಮಟ್ಟದ್ದು. ಸರಿಯಾದರೆ ಮುಂದಿನದು ಕಠಿಣ, ತಪ್ಪಾದರೆ ಸುಲಭ. ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ, ಬಿಟ್ಟು ಮುಂದೆ ಹೋಗುವಂತೆಯೂ ಇಲ್ಲ. ಪ್ರತಿ ಪ್ರಶ್ನೆಯ ಕಾಠಿಣ್ಯವನ್ನು ಮೊದಲೇ ಅಳೆದಿಟ್ಟು, ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಿಸಿದವರನ್ನೂ ಒಂದೇ ಮಾಪಕದಲ್ಲಿ ಹೋಲಿಸುವ ಗಣಿತ ಇದರ ಹಿಂದಿದೆ. ಇಟಿಎಸ್‌ನಲ್ಲಿದ್ದ ಫ್ರೆಡರಿಕ್ ಲಾರ್ಡ್ 1950ರ ದಶಕದಿಂದ ಬೆಳೆಸಿದ ಸಿದ್ಧಾಂತ ಅದರ ತಳಹದಿ.

ಗಣಿತ ಗಟ್ಟಿಯಾಗಿತ್ತು, ಪ್ರಶ್ನೆಗಳ ಭಂಡಾರ ಚಿಕ್ಕದಾಗಿತ್ತು. ಕಾಗದದ ಪರೀಕ್ಷೆ ವರ್ಷಕ್ಕೆ ಕೆಲವೇ ದಿನ ನಡೆಯುತ್ತಿತ್ತು. ಕಂಪ್ಯೂಟರ್ ಪರೀಕ್ಷೆ ಹೆಚ್ಚುಕಡಿಮೆ ಪ್ರತಿದಿನ. ಇಂದು ಒಬ್ಬರಿಗೆ ಬಂದ ಪ್ರಶ್ನೆ ವಾರದ ನಂತರ ಮತ್ತೊಬ್ಬರಿಗೆ ಬರುತ್ತಿತ್ತು. 1994ರಲ್ಲಿ ಕ್ಯಾಪ್ಲನ್ ಸಂಸ್ಥೆ ತನ್ನ ನೌಕರರನ್ನು ಪರೀಕ್ಷೆಗೆ ಕೂರಿಸಿ, ಅವರು ನೆನಪಿಟ್ಟುಕೊಂಡು ಬಂದ ಪ್ರಶ್ನೆಗಳನ್ನು ಇಟಿಎಸ್ ಮುಂದಿಟ್ಟು ಈ ಲೋಪವನ್ನು ತೋರಿಸಿತು. ಡಿಸೆಂಬರ್‌ನಲ್ಲಿ ಕಂಪ್ಯೂಟರ್ ಪರೀಕ್ಷೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಇಟಿಎಸ್ ಕ್ಯಾಪ್ಲನ್ ವಿರುದ್ಧ ಮೊಕದ್ದಮೆ ಹೂಡಿತು. 2002ರಲ್ಲಿ ಚೀನಾ, ಹಾಂಗ್‌ಕಾಂಗ್, ತೈವಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಇಂಟರ್ನೆಟ್ ಮೂಲಕ ಪ್ರಶ್ನೆಗಳು ಹಂಚಿಕೆಯಾಗುತ್ತಿರುವುದು ಪತ್ತೆಯಾಗಿ, ಅಲ್ಲಿ ಮತ್ತೆ ಕಾಗದದ ಪರೀಕ್ಷೆಗೇ ಮರಳಲಾಯಿತು.

ಭಾರತ ಮತ್ತು ಕರ್ನಾಟಕ

ಅಮೆರಿಕ 1965ರಲ್ಲಿ ವಲಸೆ ಕಾನೂನನ್ನು ಸಡಿಲಿಸಿದ ಮೇಲೆ ಭಾರತದ ಎಂಜಿನಿಯರಿಂಗ್, ವಿಜ್ಞಾನ ಪದವೀಧರರು ಅತ್ತ ಹೊರಟರು. 1991ಕ್ಕೆ ಮುಂಚೆ ವಿದೇಶಿ ವಿನಿಮಯದ ಮೇಲೆ ಬಿಗಿಯಾದ ಮಿತಿ ಇತ್ತು. ಮಧ್ಯಮ ವರ್ಗದ ಮನೆಯ ಹುಡುಗ ಅಥವಾ ಹುಡುಗಿಗೆ ಅಲ್ಲಿ ಅಸಿಸ್ಟೆಂಟ್‌ಶಿಪ್ (ಬೋಧನೆ, ಸಂಶೋಧನೆಯಲ್ಲಿ ನೆರವಾಗುವುದಕ್ಕೆ ಕೊಡುವ ವೇತನ) ಸಿಕ್ಕಿದರೆ ಮಾತ್ರ ಓದು ಸಾಧ್ಯವಿತ್ತು. ಅಮೆರಿಕದ ಪ್ರಾಧ್ಯಾಪಕರಿಗೆ ಐಐಟಿಗಳ ಹೆಸರು ಗೊತ್ತಿರಬಹುದು; ದಾವಣಗೆರೆಯ, ಹಾಸನದ, ಸುರತ್ಕಲ್‌ನ ಕಾಲೇಜಿನ ಶೇಕಡಾ 78 ಅಂಕ ಎಂದರೆ ಎಷ್ಟು ಎಂದು ತಿಳಿಯಲು ಅವರಿಗೆ ದಾರಿಯಿರಲಿಲ್ಲ. ಆ ವಿದ್ಯಾರ್ಥಿಗೂ ಹಾರ್ವರ್ಡ್‌ನಲ್ಲಿ ಓದಿದವನಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಕೊಟ್ಟದ್ದು ಜಿಆರ್‌ಇ. ಪರೀಕ್ಷೆಯ ಕೊರತೆಗಳನ್ನು ಎಣಿಸುವಾಗ ಈ ಋಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆರನೆಯ ಸೆಮಿಸ್ಟರ್ ಹೊತ್ತಿಗೆ ಒಂದು ಗುಂಪು ಕ್ಯಾಂಪಸ್ ಪ್ಲೇಸ್‌ಮೆಂಟ್ ಕಡೆ, ಇನ್ನೊಂದು ಎಂಎಸ್ ಕಡೆ ತಿರುಗುವುದು ಎರಡು ಮೂರು ದಶಕಗಳ ವಾಡಿಕೆ. ಸೀನಿಯರ್‌ಗಳಿಂದ ದಾಟಿಬಂದ ಗೈಡ್, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿ, ರಟ್ಟಿನ ಚೀಟಿಗಳ ಒಂದು ಬದಿ ಪದ ಇನ್ನೊಂದು ಬದಿ ಅರ್ಥ. ಮುಂದೆ ಸ್ಲಾಟ್ ಬುಕ್ ಮಾಡುವುದು, ಮಾಕ್ ಟೆಸ್ಟ್, ಸೇಫ್–ಮಾಡರೇಟ್–ಆಂಬಿಷಿಯಸ್ ಎಂದು ವಿಂಗಡಿಸಿದ ವಿಶ್ವವಿದ್ಯಾಲಯಗಳ ಪಟ್ಟಿ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವಿದ್ಯಾರ್ಥಿಗಳಿಗೆ ಬೆಳಗಾವಿಯಿಂದ ಟ್ರಾನ್ಸ್‌ಕ್ರಿಪ್ಟ್, ವೀಸಾ ಸಂದರ್ಶನಕ್ಕೆ ಚೆನ್ನೈ ಪ್ರಯಾಣ. ಪರೀಕ್ಷೆಯ ಅಂಕ ಈ ಸಾಲಿನಲ್ಲಿ ಒಂದು ಮಾತ್ರ. ಹಾಗಿದ್ದರೂ ನೆಂಟರಿಷ್ಟರು ಕೇಳುತ್ತಿದ್ದುದು ಅದನ್ನೇ. ಇಷ್ಟು ವರ್ಷಗಳಲ್ಲೂ ಭಾರತೀಯರ ಸರಾಸರಿ ಕ್ವಾಂಟ್‌ನಲ್ಲಿ ಜಗತ್ತಿನ ಸರಾಸರಿಗಿಂತ ಮೇಲೆ, ವರ್ಬಲ್‌ನಲ್ಲಿ ಕೆಳಗೆ ಇದೆ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ಬಂದವರಿಗೆ ವರ್ಬಲ್ ಹೆಚ್ಚು ಕಷ್ಟವಾದರೆ ಅದು ಬುದ್ಧಿಯ ಕೊರತೆಯಲ್ಲ. ಅಮೆರಿಕದ ಪದವೀಧರರ ಓದಿಗೆ ತಕ್ಕಂತೆ ಹೊಸೆದ ಭಾಗ ಅದು. ಇತ್ತೀಚಿನ ವರ್ಷಗಳಲ್ಲಿ ಭಾರತದಿಂದ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಮಂದಿ ಈ ಪರೀಕ್ಷೆ ಬರೆದಿದ್ದಾರೆ.

ಭಾರತದೊಳಗಿನ ಎಂ.ಟೆಕ್ ಪ್ರವೇಶಕ್ಕೆ ಬೇರೆಯೇ ಪರೀಕ್ಷೆಯಿದೆ. ಗೇಟ್ ಎಂಬ ಅದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐಐಟಿಗಳು ಸರದಿಯ ಮೇಲೆ ನಡೆಸುತ್ತವೆ. ಅದು ಓದಿದ ವಿಷಯವನ್ನೇ ಕೇಳುತ್ತದೆ. ಆ ಮಟ್ಟಿಗೆ 1937ರ ಜಿಆರ್‌ಇಗೆ ಇಂದಿನ ಜಿಆರ್‌ಇಗಿಂತ ಗೇಟ್ ಹತ್ತಿರ.

2011ರ ಬದಲಾವಣೆ

2011ರ ಆಗಸ್ಟ್‌ನಲ್ಲಿ ಪರೀಕ್ಷೆಯನ್ನು ಬುಡದಿಂದ ತಿದ್ದಲಾಯಿತು. ವಿರುದ್ಧ ಪದ, ಪದಸಂಬಂಧದ ಪ್ರಶ್ನೆಗಳು ಹೋದವು. ಸಂದರ್ಭದಲ್ಲಿ ಅರ್ಥ ಗ್ರಹಿಸುವ ಪ್ರಶ್ನೆಗಳು ಬಂದವು. ಪರದೆಯ ಮೇಲೆ ಕ್ಯಾಲ್ಕುಲೇಟರ್ ಸಿಕ್ಕಿತು. ಪ್ರಶ್ನೆ ಪ್ರಶ್ನೆಗೂ ಹೊಂದಿಕೊಳ್ಳುತ್ತಿದ್ದ ಪದ್ಧತಿ ಹೋಗಿ, ಮೊದಲ ಸೆಕ್ಷನ್‌ನಲ್ಲಿ ಚೆನ್ನಾಗಿ ಮಾಡಿದವರಿಗೆ ಎರಡನೆಯದು ಕಠಿಣವಾಗುವ ಪದ್ಧತಿ ಬಂತು. ಒಂದು ಸೆಕ್ಷನ್‌ನೊಳಗೆ ಹಿಂದೆ ಮುಂದೆ ಓಡಾಡುವ ಸ್ವಾತಂತ್ರ್ಯವೂ ದೊರೆಯಿತು. ಅಂಕಗಳು 130ರಿಂದ 170ಕ್ಕೆ ಬದಲಾದವು. ಬಾಯಿಪಾಠದ ಕಾಲ ಇದರೊಂದಿಗೆ ಬಹುಮಟ್ಟಿಗೆ ಮುಗಿಯಿತು. ವ್ಯಾಪಕವಾಗಿ ಓದುವವರಿಗೆ ಲಾಭವಾಯಿತು. ಜಿಆರ್‌ಇಯ ಎಲ್ಲ ಸುಧಾರಣೆಗಳಲ್ಲಿ ಇದೇ ಅತ್ಯುತ್ತಮವಾದದ್ದು.

ಇದೇ ಕಾಲಕ್ಕೆ ಪರೀಕ್ಷೆಯ ವ್ಯಾಪ್ತಿ ಹಿಗ್ಗಿತು. ಜಿಮ್ಯಾಟ್ ಎಂಬ ಬೇರೆ ಪರೀಕ್ಷೆಯನ್ನು ಮಾತ್ರ ಕೇಳುತ್ತಿದ್ದ ಬಿಸಿನೆಸ್ ಶಾಲೆಗಳು ಜಿಆರ್‌ಇಯನ್ನೂ ಒಪ್ಪಿಕೊಂಡವು. 2016ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಕಾನೂನು ಶಾಲೆ, 2017ರಲ್ಲಿ ಹಾರ್ವರ್ಡ್ ಕಾನೂನು ಶಾಲೆ ಒಪ್ಪಿದವು.

ವಿವಾದ

ಅಂಕ ಏನನ್ನು ಮುಂಚಿತವಾಗಿ ಹೇಳಬಲ್ಲದು ಎಂಬುದು ಹಳೆಯ ಜಗಳ. 2001ರಲ್ಲಿ ನೇಥನ್ ಕಂಸೆಲ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಜಿಆರ್‌ಇ ಅಂಕಕ್ಕೂ ಸ್ನಾತಕೋತ್ತರ ಓದಿನ ಸಾಧನೆಗೂ ಸಂಬಂಧವಿದೆ, ವಿಷಯವಾರು ಪರೀಕ್ಷೆಯಲ್ಲಿ ಅದು ಇನ್ನೂ ಬಲವಾಗಿದೆ ಎಂದರು. 2014ರಲ್ಲಿ ಭೌತವಿಜ್ಞಾನಿಗಳಾದ ಕೇಸಿ ಮಿಲ್ಲರ್ ಮತ್ತು ಕೀವನ್ ಸ್ಟಾಸುನ್ ‘ನೇಚರ್’ ಪತ್ರಿಕೆಯಲ್ಲಿ ಬರೆದು, ಅಂಕಕ್ಕೆ ಗೆರೆ ಎಳೆದು ಪ್ರವೇಶ ಕೊಡುವುದರಿಂದ ಮಹಿಳೆಯರೂ ಅಲ್ಪಸಂಖ್ಯಾತರೂ ಹೊರಗುಳಿಯುತ್ತಾರೆ ಎಂದು ವಾದಿಸಿದರು. 2017ರಲ್ಲಿ ನಾರ್ತ್ ಕ್ಯಾರೊಲಿನಾ ಮತ್ತು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಗಳ ಎರಡು ಅಧ್ಯಯನಗಳು ಜೀವವೈದ್ಯಕೀಯ ಪಿಎಚ್‌ಡಿಯಲ್ಲಿ ಸಂಶೋಧನೆಯ ಫಲಕ್ಕೂ ಅಂಕಕ್ಕೂ ನಂಟಿಲ್ಲ ಎಂದವು. ಸೀಟು ಸಿಕ್ಕವರನ್ನು ಮಾತ್ರ ನೋಡಿದರೆ ಅಂಕಗಳ ನಡುವಣ ಅಂತರವೇ ಕುಗ್ಗಿ ನಂಟು ಮಸುಕಾಗುತ್ತದೆ ಎಂಬ ಪ್ರತಿವಾದಕ್ಕೂ ಸತ್ತ್ವವಿದೆ.

ಪರೀಕ್ಷೆ ಬೇಡವೆನ್ನುವ ವಿಭಾಗಗಳು ಹೆಚ್ಚುತ್ತಿದ್ದಾಗಲೇ 2020ರಲ್ಲಿ ಕೋವಿಡ್ ಬಂತು. ಇಟಿಎಸ್ ಮನೆಯಿಂದಲೇ ಪರೀಕ್ಷೆ ಬರೆಯುವ ವ್ಯವಸ್ಥೆ ತಂದರೂ ನೂರಾರು ವಿಭಾಗಗಳು ಅಂಕ ಕೇಳುವುದನ್ನು ಬಿಟ್ಟವು, ಹಲವು ಮತ್ತೆ ಕೇಳಲಿಲ್ಲ. ಇದರ ಲಾಭ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಅಂಕ ಹೋದ ಜಾಗದಲ್ಲಿ ಕೂರುವುದು ಶಿಫಾರಸು ಪತ್ರ, ಪ್ರಯೋಗಾಲಯದ ಅನುಭವ, ಕಾಲೇಜಿನ ಹೆಸರು. ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಗೆ ಈ ಮೂರೂ ಕಷ್ಟ. ಅಂಕವೊಂದೇ ಅವರು ಸ್ವಂತ ಶ್ರಮದಿಂದ ಪಡೆಯಬಹುದಾದದ್ದು. ಆದರೆ ಅದಕ್ಕೂ ಭಾರತದಲ್ಲಿ 20,000 ರೂಪಾಯಿ ಆಸುಪಾಸಿನ ಶುಲ್ಕ ತೆರಬೇಕು, ಮತ್ತು ಬಡವರಿಗೆ ಇಟಿಎಸ್ ಕೊಡುವ ಶುಲ್ಕ ರಿಯಾಯಿತಿ ಅಮೆರಿಕದ ನಾಗರಿಕರಿಗೂ ನಿವಾಸಿಗಳಿಗೂ ಸೀಮಿತ. ಪರೀಕ್ಷಾರ್ಥಿಗಳಲ್ಲಿ ಇಷ್ಟು ದೊಡ್ಡ ಪಾಲು ಭಾರತದವರಾಗಿರುವಾಗ ಈ ಮಿತಿ ಅನ್ಯಾಯ.

ಇಂದಿನ ರೂಪ

2023ರ ಸೆಪ್ಟೆಂಬರ್‌ನಿಂದ ಪರೀಕ್ಷೆಯ ಅವಧಿ ಮೂರೂಮುಕ್ಕಾಲು ಗಂಟೆಯಿಂದ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. 30 ನಿಮಿಷದ ಒಂದು ಪ್ರಬಂಧ, ವರ್ಬಲ್ 27 ಪ್ರಶ್ನೆ, ಕ್ವಾಂಟ್ 27 ಪ್ರಶ್ನೆ. ವಿಷಯವಾರು ಪರೀಕ್ಷೆಗಳಲ್ಲಿ ಕಂಪ್ಯೂಟರ್ ವಿಜ್ಞಾನ, ಜೀವರಸಾಯನ, ಜೀವವಿಜ್ಞಾನ, ಇಂಗ್ಲಿಷ್ ಸಾಹಿತ್ಯ, ರಸಾಯನವಿಜ್ಞಾನ ಒಂದೊಂದಾಗಿ ನಿಂತುಹೋಗಿ ಗಣಿತ, ಭೌತವಿಜ್ಞಾನ, ಮನೋವಿಜ್ಞಾನ ಉಳಿದಿವೆ. ಅಂಕಗಳು ಐದು ವರ್ಷ ಚಾಲ್ತಿಯಲ್ಲಿರುತ್ತವೆ. 21 ದಿನಗಳ ಅಂತರದಲ್ಲಿ, 12 ತಿಂಗಳಿಗೆ ಐದು ಸಲದವರೆಗೆ ಬರೆಯಬಹುದು. ಇಟಿಎಸ್ ಕೊಡುವ ಪವರ್‌ಪ್ರೆಪ್ ಮಾದರಿ ಪರೀಕ್ಷೆಗಳಲ್ಲಿ ಕೆಲವು ಉಚಿತ; ಕೋಚಿಂಗ್‌ಗೆ ಹಣ ಕಟ್ಟುವ ಮುನ್ನ ಅವನ್ನು ಬರೆದು ನೋಡುವುದು ಒಳ್ಳೆಯದು. ಒಂದೇ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗ ಅಂಕ ಕಡ್ಡಾಯವೆಂದರೆ ಪಕ್ಕದ ವಿಭಾಗ ಕಳಿಸಿದರೂ ನೋಡುವುದಿಲ್ಲ ಎನ್ನುತ್ತದೆ. ಆದ್ದರಿಂದ ಸ್ಲಾಟ್ ಬುಕ್ ಮಾಡುವ ಮೊದಲು, ಸೇರಬೇಕೆಂದಿರುವ ಪ್ರತಿ ವಿಭಾಗದ ಆ ವರ್ಷದ ಪ್ರವೇಶ ನಿಯಮವನ್ನು ಓದಿಕೊಳ್ಳಿ.