ವೀರಗಲ್ಲುಗಳಲ್ಲಿ ಯುದ್ಧದ ಕಾರಣವೂ ಫಲವೂ

ಕರ್ಣಾಟಕದ ಪ್ರಾಚೀನಚರಿತ್ರೆಯನ್ನು ಬರೆದವರು ಯುದ್ಧಗಳ ಕಾರಣವನ್ನು ವಿಚಾರಿಸುವಾಗ ಬಹುಮಟ್ಟಿಗೆ ರಾಜಪ್ರಶಸ್ತಿಗಳನ್ನೇ ಆಶ್ರಯಿಸಿರುವರು. ತಾಮ್ರಶಾಸನಗಳ ಆದಿಯಲ್ಲಿ ಬರುವ ಶ್ಲೋಕಗಳನ್ನು ಓದಿದರೆ ಅರಸನು ದಿಗ್ವಿಜಯಕ್ಕೆ ಹೊರಟನು, ಶತ್ರುಗಳು ಕಾಡನ್ನು ಸೇರಿದರು, ಕೀರ್ತಿಯು ದಿಗಂತಗಳನ್ನು ಮುಟ್ಟಿತು ಎಂದಿಷ್ಟೇ ತಿಳಿಯುವುದು. ಅಲ್ಲಿ ಯುದ್ಧಕ್ಕೆ ಕಾರಣವು ಅರಸನ ಶೌರ್ಯ, ಫಲವು ಅವನ ಯಶಸ್ಸು. ಕಾವ್ಯಕ್ಕೆ ಇದು ಸಾಕು, ಚರಿತ್ರೆಗೆ ಸಾಲದು. ಪ್ರಶಸ್ತಿಯನ್ನು ರಚಿಸಿದ ಕವಿಯನ್ನು ನಾವು ದೂರಬೇಕಾಗಿಲ್ಲ. ಆತನು ತನ್ನ ಒಡೆಯನು ಹೇಳಿದ ಕೆಲಸವನ್ನು ಮಾಡಿದನು. ಅವನ ಮಾತನ್ನೇ ಕಾರಣವಿಚಾರವೆಂದು ಅಂಗೀಕರಿಸಿದ ನಮ್ಮವರ ತಪ್ಪು ಮಾತ್ರ ಹಾಗೆಯೇ ಉಳಿದಿದೆ.

ಇದಕ್ಕೆ ಪ್ರತಿಯಾಗಿ ನಮ್ಮ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಬೇಕು. ರೈಸ್ ಸಾಹೇಬರು 1886ರಿಂದ 1905ರವರೆಗೆ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ 12 ಸಂಪುಟಗಳಲ್ಲಿ, ವಿಶೇಷವಾಗಿ ಸೊರಬ, ಶಿಕಾರಿಪುರ ತಾಲ್ಲೂಕುಗಳ ಭಾಗದಲ್ಲಿ, ಇವು ಹೇರಳವಾಗಿರುವುವು. ಚಿದಾನಂದಮೂರ್ತಿಗಳು 1966ರಲ್ಲಿ ಪ್ರಕಟವಾದ ತಮ್ಮ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿಯೂ, ಶೇಷಶಾಸ್ತ್ರಿಗಳು 1982ರ ಕರ್ನಾಟಕದ ವೀರಗಲ್ಲುಗಳು ಎಂಬ ಗ್ರಂಥದಲ್ಲಿಯೂ ಇವುಗಳ ಪರಿಭಾಷೆಯನ್ನು ಸಂಗ್ರಹಿಸಿ ಮಹೋಪಕಾರವನ್ನು ಮಾಡಿರುವರು. ಅವರು ಹಾಕಿದ ದಾರಿಯಲ್ಲಿಯೇ ಮುಂದುವರಿದು ಒಂದು ಪ್ರಶ್ನೆಯನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುವೆವು: ಈ ಕಲ್ಲುಗಳು ಯುದ್ಧದ ಕಾರಣವನ್ನೂ ಫಲವನ್ನೂ ಹೇಗೆ ಸಂಬಂಧಪಡಿಸುವುವು?

ಮೊದಲು ಶಬ್ದಗಳನ್ನು ನೋಡೋಣ. ಊರಿನ ಕಾಳಗಗಳಿಗೆ ಈ ಕಲ್ಲುಗಳು ಕೊಡುವ ಹೆಸರುಗಳಲ್ಲಿ ಮುಖ್ಯವಾದುವು ತುಱುಗೊಳ್, ಪೆಣ್ಬುಯ್ಯಲ್, ಊರೞಿವು ಎಂಬ ಮೂರು. ಇವುಗಳೊಡನೆ ಎಲ್ಲೆಯ ಕಲಹಗಳೂ ಬರುವುವು. ತುಱುಗೊಳ್ ಎಂದರೆ ದನಗಳನ್ನು ಹಿಡಿದೊಯ್ಯುವುದು. ಊರೞಿವು ಎಂದರೆ ಊರು ನಾಶವಾಗುವುದು. ಪುಯ್ಯಲ್ ಎಂಬುದು ಇಂದಿನ ಹುಯ್ಯಲು. ಸಂಕಟದಲ್ಲಿ ಎತ್ತುವ ಕೂಗು. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಮೊರೆ. ಈ ಮೂರು ಪದಗಳ ರಚನೆಯಲ್ಲಿ ಒಂದು ವಿಶೇಷವುಂಟು. ತುಱುಗೊಳ್ ಎಂಬುದು ಕಳ್ಳನ ಕೃತ್ಯದಿಂದ ಬಂದ ಹೆಸರು. ಪೆಣ್ಬುಯ್ಯಲ್ ಎಂಬುದು ಕೃತ್ಯವನ್ನು ಹೇಳದೆ, ಅದನ್ನು ಕೇಳಿ ಓಡಿಬಂದವನ ಕಿವಿಗೆ ಬಿದ್ದುದನ್ನು ಹೇಳುವುದು. ಊರೞಿವು ಎಂಬುದಂತೂ ಕಾಳಗದ ಫಲದಿಂದಲೇ ಕಾಳಗಕ್ಕೆ ಇಟ್ಟ ಹೆಸರು. ನೈಯಾಯಿಕರು ಕಾರ್ಯಕಾರಣಗಳನ್ನು ಬೇರೆಬೇರೆಯಾಗಿ ಲಕ್ಷಣೀಕರಿಸುವರು. ಹಳ್ಳಿಯ ಕಲ್ಲುಕುಟಿಗನಾದರೋ ಅವೆರಡನ್ನೂ ಒಂದೇ ಪದದಲ್ಲಿ ಅಡಗಿಸಿದ್ದಾನೆ. ಇದನ್ನು ಪ್ರಮಾದವೆಂದು ಹೇಳುವುದಕ್ಕೆ ನಮಗೆ ಮನಸ್ಸಾಗದು.

ದನಕ್ಕಾಗಿ ಪ್ರಾಣವನ್ನು ಕೊಡುವುದು ಈಗಿನ ಓದುಗರಿಗೆ ಅಲ್ಪಕಾರಣವಾಗಿ ಕಾಣಬಹುದು. ಆದರೆ ದನವೆಂಬ ಮಾತೇ ಧನಶಬ್ದದ ತದ್ಭವವೆಂಬುದನ್ನು ನೆನೆಯಬೇಕು. ಋಗ್ವೇದದಲ್ಲಿ ಗವಿಷ್ಟಿ ಎಂಬ ಶಬ್ದವು ಗೋವುಗಳ ಬಯಕೆ ಎಂಬ ಅವಯವಾರ್ಥವನ್ನುಳ್ಳದ್ದಾಗಿ ಯುದ್ಧವೆಂಬ ಅರ್ಥದಲ್ಲಿ ಪ್ರಯುಕ್ತವಾಗಿರುವುದು. ಮಹಾಭಾರತದ ವಿರಾಟಪರ್ವದಲ್ಲಿ ಸುಶರ್ಮನು ದಕ್ಷಿಣದಲ್ಲಿಯೂ ಕೌರವರು ಉತ್ತರದಲ್ಲಿಯೂ ಗೋಗ್ರಹಣವನ್ನು ಮಾಡಿದ ಮೇಲೆಯೇ ಪಾಂಡವರು ಪ್ರಕಟರಾಗುವರು. ತಮಿಳಿನ ತೊಲ್ಕಾಪ್ಪಿಯವು ಯುದ್ಧವಿಷಯಕವಾದ ಕಾವ್ಯವನ್ನು ವಿಭಾಗಿಸುವಲ್ಲಿ ವೆಟ್ಚಿ ಎಂಬ ತುಱುಗೋಳನ್ನೇ ಮೊದಲು ಇಟ್ಟಿದೆ. ಹೀಗೆ ಸಂಸ್ಕೃತದಲ್ಲಿಯೂ ದ್ರಾವಿಡಭಾಷೆಯಲ್ಲಿಯೂ ದನಗಳ ಅಪಹಾರವು ಯುದ್ಧದ ಆದಿಯಾಗಿ ಸಂಭಾವಿತವಾಗಿದೆ. ಉಳುವ ಎತ್ತು, ಹಾಲು, ಗೊಬ್ಬರ ಎಲ್ಲವೂ ಒಂದೇ ರಾತ್ರಿಯಲ್ಲಿ ಹೋದ ಊರಿಗೆ ಮುಂದಿನ ಬೆಳೆಯೇ ಇಲ್ಲ. ತುಱುಗೊಳ್ ನಡೆದ ಮೇಲೆ ಊರೞಿವು ಬೇರೆಯಾಗಿ ಬರಬೇಕಾದುದಿಲ್ಲ.

ಈ ಕಾಲದಲ್ಲಿ ಪಾಶ್ಚಾತ್ಯವಿದ್ವಾಂಸರು ಯುದ್ಧಗಳ ಕಾರಣವನ್ನು ಗಣಿತದಿಂದ ಪರೀಕ್ಷಿಸುವ ಒಂದು ಶಾಸ್ತ್ರವನ್ನೇ ಬೆಳೆಸಿರುವರು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಿಂಗರ್ ಎಂಬವರು 1963ರಲ್ಲಿ ಆರಂಭಿಸಿದ ಸಂಗ್ರಹದಲ್ಲಿ ರಣದಲ್ಲಿ 1000 ಮಂದಿ ಸತ್ತರೆ ಯುದ್ಧವೆಂದು ಎಣಿಕೆ. ಸ್ವೀಡನ್ ದೇಶದ ಉಪ್ಸಲಾ ವಿಶ್ವವಿದ್ಯಾನಿಲಯದವರು ವರ್ಷಕ್ಕೆ 25 ಮರಣಗಳಾದರೆ ಸಶಸ್ತ್ರಸಂಘರ್ಷವೆಂದು ಗಣಿಸುವರು. ಎಣಿಸುವವರಿಗೆ ಯಾವುದಾದರೊಂದು ಮಿತಿಯು ಬೇಕೇ ಬೇಕು, ಅದರಲ್ಲಿ ದೋಷವಿಲ್ಲ. ಆದರೆ ಈ ಮಿತಿಯಿಂದ ನೋಡಿದರೆ ಒಬ್ಬನೋ ಇಬ್ಬರೋ ಮಡಿದುದನ್ನು ಹೇಳುವ ನಮ್ಮ ತುಱುಗೋಳಿನ ಕಲ್ಲುಗಳು ಹೆಚ್ಚಿನವು ಲೆಕ್ಕದಿಂದ ಹೊರಗೆ ಬೀಳುವುವು. ಹವಾಮಾನಶಾಸ್ತ್ರಜ್ಞನಾಗಿದ್ದ ಇಂಗ್ಲೆಂಡಿನ ರಿಚರ್ಡ್‌ಸನ್ನನು ಮಾತ್ರ, ಅವನ ಮರಣಾನಂತರ 1960ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಒಂಟಿ ಕೊಲೆಯಿಂದ ಮೊದಲುಗೊಂಡು ಮಹಾಯುದ್ಧದವರೆಗೆ ಪ್ರಾಣಾಂತಿಕವಾದ ಎಲ್ಲ ಕಲಹಗಳನ್ನೂ ಒಂದೇ ಮಾನದಲ್ಲಿ ಅಳೆಯಲು ಯತ್ನಿಸಿದನು. ವೀರಗಲ್ಲನ್ನು ನೆಟ್ಟವರ ಬುದ್ಧಿಗೆ ಈತನ ಮಾರ್ಗವು ಹತ್ತಿರವಾದುದು.

ಇನ್ನು ಫಲದ ವಿಚಾರ. ಇದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನಕ್ಕಿಂತ ಉತ್ತಮವಾದ ಉದಾಹರಣೆಯು ದೊರೆಯದು. ಶಕ 872, ಎಂದರೆ ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರಕಾರದ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗರ ಬೂತುಗನ ಸಹಾಯದಿಂದ ತಕ್ಕೋಲದಲ್ಲಿ ಚೋಳರೊಡನೆ ಕಾದಿದನು. ಚೋಳರ ಯುವರಾಜನಾದ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ಬೂತುಗನು ಅವನನ್ನು ಕೊಂದ ಬಗೆಯನ್ನು ಹೇಳುವಲ್ಲಿ ಶಾಸನದಲ್ಲಿ ಬಿಸುಗೆ ಎಂಬ ಪದವಿದೆ. ಈ ಮಾತನ್ನು ಬೇರೆಯಾಗಿ ತಿಳಿದ ಮೊದಲಿನ ಕೆಲವರು ಬೂತುಗನು ಮೋಸದಿಂದ ಕೊಂದನೆಂದು ಬರೆದರು. ಬಿಸುಗೆಯೆಂದರೆ ಆನೆಯ ಬೆನ್ನಿನ ಮೇಲಣ ಪೀಠ. ಅದನ್ನೇ ರಣರಂಗವಾಗಿ ಮಾಡಿಕೊಂಡು ಇಱಿದನೆಂಬುದು ಸರಿಯಾದ ಅರ್ಥ. ಹಳಗನ್ನಡದ ಒಂದು ಪದದ ಅಜ್ಞಾನದಿಂದ ಒಬ್ಬನು ಬಹುಕಾಲ ವಂಚಕನೆನಿಸಿಕೊಂಡನು. ಹಳಗನ್ನಡವನ್ನು ಬೋಧಿಸುವ ಅಧ್ಯಾಪಕರು ಇದನ್ನು ತರಗತಿಯಲ್ಲಿ ಹೇಳಬೇಕೆಂದು ನಮ್ಮ ಪ್ರಾರ್ಥನೆ.

ತಕ್ಕೋಲದ ಯುದ್ಧವು ಏಕೆ ನಡೆಯಿತೆಂಬುದನ್ನು ಈ ಶಾಸನವು ಹೇಳುವುದಿಲ್ಲ. ಫಲವನ್ನಾದರೋ ಸಂಖ್ಯಾಪೂರ್ವಕವಾಗಿ ಹೇಳುವುದು. ಕೃಷ್ಣನು ಮೆಚ್ಚಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಕೊಟ್ಟನು. ಬೂತುಗನು ತನ್ನ ಮುಂದೆ ನಿಂತು ಕಾದಿದ ಮಣಲೆರನಿಗೆ ಆತಕೂರು 12ನ್ನೂ ಬೆಳ್ವೊಲದ ಒಂದು ಊರನ್ನೂ ಕೊಟ್ಟನು. ಆದರೆ ಹಳೆಯ ಧಾರವಾಡ ಸೀಮೆಯ ಹೆಬ್ಬಾಳದಲ್ಲಿರುವ ಕ್ರಿ.ಶ. 975ರ ಶಾಸನವನ್ನು ನೋಡಿದರೆ ಈ ಪಟ್ಟಿಯ ಕೊನೆಯ ನಾಲ್ಕು ನಾಡುಗಳೂ ಬೂತುಗನು ಕೃಷ್ಣನ ಅಕ್ಕನಾದ ರೇವಕನಿಮ್ಮಡಿಯನ್ನು ಮದುವೆಯಾದಾಗ ಬಳುವಳಿಯಾಗಿ ಬಂದುವು. ಒಂದು ಕಲ್ಲಿಗೆ ಅವು ರಣದ ಬಹುಮಾನ. ಇನ್ನೊಂದಕ್ಕೆ ಮದುವೆಯ ಉಡುಗೊರೆ. ಬಳುವಳಿಯನ್ನೇ ಯುದ್ಧಾನಂತರ ಸ್ಥಿರಪಡಿಸಿ ಅದರ ಮೇಲೆ ಬನವಾಸಿಯನ್ನು ಹೊಸದಾಗಿ ಕೂಡಿಸಿದನೆಂದು ಸಮನ್ವಯಮಾಡುವುದು ಯುಕ್ತವಾಗಿದೆ. ಹಾಗಾದರೆ ಭೂಮಿಯ ಸಂಬಂಧವು ಯುದ್ಧಕ್ಕೆ ಮುಂಚೆಯೇ ಇದ್ದಿತು. ಆ ನಾಡುಗಳನ್ನು ಉಂಡವನು ಭಾವಮೈದುನನ ದಂಡಿನಲ್ಲಿ ನಿಲ್ಲದೆ ಇರುವುದು ಹೇಗೆ? ಫಲವೆಂದು ಶಾಸನವು ಹೇಳಿದುದರಲ್ಲಿ ಬಹುಭಾಗವು ನಮ್ಮ ದೃಷ್ಟಿಯಿಂದ ಕಾರಣವೇ ಆಗಿದೆ.

ಇದೇ ಕಲ್ಲಿನಲ್ಲಿ ಕಾಳಿಯೆಂಬ ನಾಯಿಯ ಕಥೆಯೂ ಇದೆ. ಬೇಡಿಕೊಳ್ಳೆಂದು ಒಡೆಯನು ಹೇಳಲು ಮಣಲೆರನು ಆ ನಾಯಿಯನ್ನು ಬೇಡಿ ಪಡೆದನು. ಅದು ಒಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಅದಕ್ಕಾಗಿ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪವನ್ನು ವಿಧಿಸಿದರು. ತಕ್ಕೋಲದಲ್ಲಿ ಸತ್ತ ಸಾಮಾನ್ಯ ಭಟರಲ್ಲಿ ಒಬ್ಬನ ಹೆಸರೂ ಈ ಕಲ್ಲಿನಲ್ಲಿಲ್ಲ.

ಮಣಲೆರನಿಗೆ ಬಂದ ದತ್ತಿಯನ್ನು ಶಾಸನವು ಬಾಳ್ಗಚ್ಚು ಎಂದು ಕರೆಯುವುದು. ಇದರ ಹಳೆಯ ರೂಪವು ಬಾಳ್ಗೞ್ಚು, ಎಂದರೆ ಕತ್ತಿಯನ್ನು ತೊಳೆಯುವುದು. ರಣದಿಂದ ಬಂದವನ ಖಡ್ಗವನ್ನು ತೊಳೆದು ಭೂಮಿಯನ್ನು ಧಾರೆಯೆರೆಯುವುದು ಇದರ ಅಭಿಪ್ರಾಯ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು 1936ರ ಮೈಸೂರು ಪುರಾತತ್ತ್ವ ವರದಿಯಲ್ಲಿ ಪ್ರಕಟವಾದ ಶಾಸನವನ್ನು, ಸುಮಾರು ಕ್ರಿ.ಶ. 450ರದೆಂದು ಎಣಿಸಿ, ಕನ್ನಡದ ಮೊದಲ ಶಾಸನವೆಂದು ನಾವೆಲ್ಲರೂ ಪಾಠಹೇಳುತ್ತ ಬಂದಿದ್ದೇವೆ. ಅದರ ವಿಷಯವೂ ಇದೇ. ಕೇಕಯಪಲ್ಲವರೊಡನೆ ಕಾದಿದ ವಿಜಾರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬೆರಡು ಊರುಗಳನ್ನು ಬಾಳ್ಗೞ್ಚಾಗಿ ಕೊಟ್ಟರೆಂದು ಅದು ಹೇಳುವುದು. ನಾವು ಅದರಲ್ಲಿ ವಿಭಕ್ತಿಪ್ರತ್ಯಯಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಈ ಅರ್ಥವನ್ನು ಗಮನಿಸಲಿಲ್ಲ. ಕನ್ನಡವು ಬರಹದಲ್ಲಿ ಮೊದಲು ಕಾಣಿಸಿಕೊಂಡಾಗಲೇ ಅದು ಒಂದು ಯುದ್ಧದ ಫಲವನ್ನು ದಾಖಲೆಮಾಡುತ್ತಿತ್ತು.

ಸತ್ತವನ ಮನೆಗೆ ಬಂದ ಭೂಮಿಗೆ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳುಂಟು. ನೆತ್ತರುಗೊಡಗೆಯ ಅರ್ಥವು ಸ್ಪಷ್ಟವಾಗಿಯೇ ಇದೆ. ಬೆಂಗಳೂರಿನ ಬೇಗೂರಿನಲ್ಲಿ ದೊರೆತ, ಯುದ್ಧದೃಶ್ಯವನ್ನು ವಿಸ್ತಾರವಾಗಿ ಕೆತ್ತಿರುವ ಪ್ರಸಿದ್ಧವಾದ ಕಲ್ಲಿನಲ್ಲಿ, ಗಂಗರ ಎರೆಯಪ್ಪರಸನ ಕಡೆಯ ನಾಗತ್ತರನು ವೀರಮಹೇಂದ್ರನ ಮೇಲೆ ತುಂಬೆಪಾಡಿಯಲ್ಲಿ ಕಾದಿ ಸತ್ತನೆಂದಿದೆ. ಅದನ್ನು ಕೇಳಿ ಅರಸನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು 12ನ್ನು ಕಲ್ನಾಡಾಗಿ ಕೊಟ್ಟನು. ಗಮನಿಸಬೇಕಾದುದು ಇದು: ಭೂಮಿಯೊಡನೆ ಸತ್ತವನ ಪಟ್ಟವೂ ಬಂದಿತು. ಪಟ್ಟದೊಡನೆ ಕತ್ತಿಯ ಋಣವೂ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ. ನಾಗತ್ತರನ ಸಾವಿನ ಫಲವಾಗಿ ಹನ್ನೆರಡು ಊರುಗಳು ಮುಂದಿನ ಯುದ್ಧಕ್ಕೆ ಒಬ್ಬ ಭಟನನ್ನು ಒದಗಿಸುವ ಊರುಗಳಾದುವು. ಸುಮಾರು ಕ್ರಿ.ಶ. 890ರದೆಂದು ಎಣಿಸಿರುವ ಇನ್ನೊಂದು ಕಲ್ಲು, ಬೆಂಗಳೂರೆಂಬ ಹೆಸರು ಮೊದಲು ಕಾಣುವ ಕಲ್ಲು, ಅದೇ ಬೇಗೂರಿನಲ್ಲಿದೆ. ನಾಗತ್ತರನ ಕಡೆಯವರು ಬೆಂಗಳೂರ ಕಾಳಗದಲ್ಲಿ ಮಡಿದುದನ್ನು ಅದು ತಿಳಿಸುವುದು. ಒಂದೇ ಊರಿನಲ್ಲಿ ಒಂದೇ ಮನೆತನದವರಿಗಾಗಿ ನಿಂತ ಈ ಕಲ್ಲುಗಳನ್ನು ಒಟ್ಟಿಗೆ ಓದಿದಾಗ ಬೀಜಾಂಕುರನ್ಯಾಯವು ನೆನಪಿಗೆ ಬರುವುದು. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ. ಕೊಡಗೆಯಿಂದ ಕಾಳಗ, ಕಾಳಗದಿಂದ ಕೊಡಗೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ವೀರಗಲ್ಲುಗಳು ಊರನ್ನು ಕಾದವನ ಕಡೆಯವರು ನಿಲ್ಲಿಸಿದುವು. ದನವನ್ನು ಹಿಡಿದವನು ಏಕೆ ಹಿಡಿದನೆಂಬುದನ್ನು ಅವು ಹೇಳವು. ಆದುದರಿಂದ ಕಾರಣವಿಚಾರಕ್ಕೆ ಅವೂ ಏಕಪಕ್ಷೀಯವಾದ ಪ್ರಮಾಣಗಳಲ್ಲವೇ? ಆಕ್ಷೇಪವು ಸಾಧುವಾದುದು. ಬೇಡರೆಂದೋ ಕಳ್ಳರೆಂದೋ ಹೇಳಿ ಬಿಟ್ಟಿರುವ ಆ ಎದುರಾಳಿಗಳು ಹಸಿದು ಬಂದರೋ, ಯಾವನೋ ನಾಯಕನ ಆಜ್ಞೆಯಿಂದ ಬಂದರೋ, ಹಿಂದೆ ತಮ್ಮಿಂದ ಕೊಂಡೊಯ್ದ ದನವನ್ನೇ ಮರಳಿ ಒಯ್ಯಲು ಬಂದರೋ, ಕಲ್ಲು ಅದನ್ನು ಕೇಳುವುದೇ ಇಲ್ಲ. ಆದರೆ ಪ್ರಶಸ್ತಿಯ ಏಕಪಕ್ಷತೆಗೂ ಇದಕ್ಕೂ ಭೇದವುಂಟು. ಪ್ರಶಸ್ತಿಯು ಗೆದ್ದವನ ಮಾತು. ವೀರಗಲ್ಲು ಕಳೆದುಕೊಂಡ ಮನೆಯ ಮಾತು.

ಅನೇಕ ವೀರಗಲ್ಲುಗಳ ಮೇಲೆ ಕಾಣುವ ಒಂದು ಸಂಸ್ಕೃತಶ್ಲೋಕವನ್ನು ವಾಚಕರು ಬಲ್ಲರು. ಗೆದ್ದರೆ ಸಂಪತ್ತು, ಸತ್ತರೆ ದೇವಾಂಗನೆಯರು, ದೇಹವು ಕ್ಷಣಿಕ, ರಣದಲ್ಲಿ ಸಾಯಲು ಚಿಂತೆಯೇಕೆ ಎಂಬುದು ಅದರ ತಾತ್ಪರ್ಯ. ಅದರಲ್ಲಿ ಎರಡೇ ಗತಿಗಳು. ಗೆಲ್ಲದೆ ಸಾಯದೆ ಉಳಿದವರಿಗೆ ಆ ಶ್ಲೋಕದಲ್ಲಿ ಸ್ಥಳವಿಲ್ಲ. ಆದರೆ ಶ್ಲೋಕವು ಬಿಟ್ಟುದನ್ನು ಶಿಲ್ಪಿಯು ಪೂರ್ತಿಯಾಗಿ ಬಿಟ್ಟಿಲ್ಲ. ಸಾಮಾನ್ಯವಾಗಿ ಇವುಗಳಲ್ಲಿ ಮೂರು ಪಟ್ಟಿಕೆಗಳು: ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ, ನಡುವೆ ಅವನನ್ನು ಕೊಂಡೊಯ್ಯುವ ಅಪ್ಸರೆಯರು, ಕೆಳಗೆ ಕಾಳಗ. ತುಱುಗೋಳಿನ ಕಲ್ಲಾದರೆ ಕೆಳಗಿನ ಪಟ್ಟಿಕೆಯಲ್ಲಿ ಒಂದರ ಹಿಂದೊಂದಾಗಿ ದನಗಳು. ಮಹಾಸತಿಗಲ್ಲುಗಳಲ್ಲಿ ಬಳೆತೊಟ್ಟ ಕೈ. ಅವಳಿಗೂ ಆ ಯುದ್ಧವು ಮುಗಿದುದು ಹಾಗೆ.

ನಾವು ಚಿಕ್ಕವರಾಗಿದ್ದಾಗ ಪಾಠಶಾಲೆಗೆ ಹೋಗುವ ದಾರಿಯ ಕೆರೆಯೇರಿಯ ಮೇಲೆ ಇಂಥದೊಂದು ಕಲ್ಲಿದ್ದಿತು. ಹಬ್ಬದ ದಿನ ಅದಕ್ಕೆ ಎಣ್ಣೆ ಸವರುತ್ತಿದ್ದರು. ಉಳಿದ ದಿನ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಅಕ್ಷರಗಳಿದ್ದುದು ನಡುವಣ ಪಟ್ಟಿಗಳಲ್ಲಿ, ಅವು ಸವೆದುಹೋಗಿದ್ದುವು. ಮಣ್ಣಿನಲ್ಲಿ ಹೂತುಹೋಗಿದ್ದ ಕೆಳಗಿನ ಪಟ್ಟಿಕೆಯನ್ನು ವ್ಯಾಸಂಗ ಮುಗಿಸಿ ಊರಿಗೆ ಬಂದ ಮೇಲೆ ಒಮ್ಮೆ ಅಗೆಸಿ ನೋಡಿದೆವು. ವೀರನ ಕಾಲುಗಳ ಹಿಂದೆ ಐದು ಹಸುಗಳೂ ಒಂದು ಕರುವೂ ಇದ್ದುವು.